ಮೀನಿನ ಮರಿಯ ಲೆಕ್ಕ ಯಾರಿಗೆ ಕೊಡೋದು?

ಸಮುದ್ರದಲ್ಲಿ ಹುಟ್ಟುವ ಮೀನಿನ ಮರಿಗೆ ಸಾವು ಅನ್ನೋದು ನಿಯಮ, ಬದುಕು ಅನ್ನೋದು ಅಪವಾದ. ಬಂಗುಡೆ, ಬೂತಾಯಿ ತರದ ಮೀನುಗಳು ಸಾವಿರಗಟ್ಟಲೆ ಮೊಟ್ಟೆಯನ್ನು ನೀರಿಗೆ ಬಿಟ್ಟು ತಮ್ಮ ಪಾಡಿಗೆ ಹೋಗುತ್ತವೆ. ತಿರುಗಿ ನೋಡೋದಿಲ್ಲ. ಒಂದು ಜಾತಿಯ ಮೀನಿನ ಸಂಖ್ಯೆ ಹೆಚ್ಚೂ ಆಗದೆ ಕಮ್ಮಿಯೂ ಆಗದೆ ಉಳಿದಿದೆ ಅಂದ್ರೆ, ಒಂದು ಜೋಡಿ ಜೀವಮಾನವಿಡೀ ಹಾಕಿದ ಮೊಟ್ಟೆಗಳಲ್ಲಿ ಸರಾಸರಿ ಎರಡು ಮಾತ್ರ ದೊಡ್ಡ ಮೀನಾಗಿವೆ ಅಂತ ಅರ್ಥ. ಎರಡೇ ಎರಡು. ಉಳಿದವೆಲ್ಲ ಯಾರದೋ ಹೊಟ್ಟೆಗೆ ಹೋಗಿವೆ, ಅಥವಾ ತಮ್ಮ ಹೊಟ್ಟೆಗೆ ಏನೂ ಸಿಗದೆ ಹೋಗಿವೆ. ಇದಕ್ಕಾಗಿ ಯಾರೂ ಸಮುದ್ರದ ಮೇಲೆ ಕೇಸು ಹಾಕಿಲ್ಲ.

ನಾನು ಕಾರ್ಕಳದ ಕಡೆಯವನು. ಜೂನ್ 1ರಿಂದ ಜುಲೈ 31ರವರೆಗೆ, ಮೀನು ಮೊಟ್ಟೆ ಇಡುವ ಕಾಲ ಅಂತ, ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಮ್ಮ ಮನೆಗಳಲ್ಲಿ ಆ ಎರಡು ತಿಂಗಳು ಒಣಮೀನಿನ ಚಟ್ನಿಯೇ ಗತಿ. ಆದರೆ ಅದೇ ಜೂನ್ ತಿಂಗಳಲ್ಲಿ, ಮೊದಲ ದೊಡ್ಡ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತಿ ಬರುವ ಮೀನನ್ನು ಹಿಡಿಯಲು ಊರಿಗೆ ಊರೇ ಟಾರ್ಚು, ಕತ್ತಿ ಹಿಡಿದು ಹೊರಡುತ್ತೆ. ಆ ಮೀನೂ ಮೊಟ್ಟೆ ಇಡಲಿಕ್ಕೆಂದೇ ಹತ್ತಿ ಬರೋದು. ಹೊಟ್ಟೆ ಸೀಳಿದರೆ ಒಳಗೆಲ್ಲ ಮೊಟ್ಟೆ. ಅದನ್ನು ಹುರಿದು ತಿಂದಾಗ ಇದು ಧರ್ಮವೋ ಅಧರ್ಮವೋ ಅಂತ ನನ್ನ ಮನಸ್ಸು ಕೇಳಲೇ ಇಲ್ಲ, ಮಾರಾಯ್ರೆ. ರುಚಿ ಇತ್ತು, ಅಷ್ಟೇ.

ಹಾಗಾಗಿ ಮೀನಿನ ಸಾವಿನ ಬಗ್ಗೆ ತಲೆ ಕೆಡಿಸಿಕೊಳ್ಳುವ ಪೈಕಿ ನಾನಲ್ಲ. ಕೆಡಿಸಿದವನು ನಮ್ಮ ಟೀಮಿನ ಒಬ್ಬ ಹುಡುಗ. ದಾವಣಗೆರೆ ಕಡೆಯವನು, ಸಮುದ್ರವನ್ನು ಮೊದಲ ಸಲ ನೋಡಿದ್ದು ಕಾಲೇಜು ಟ್ರಿಪ್ಪಿನಲ್ಲಿ. ಈಗ ಬೆಂಗಳೂರಿನ ತನ್ನ ಎರಡು ಬೆಡ್ ರೂಮಿನ ಬಾಡಿಗೆ ಮನೆಯಲ್ಲಿ, ಒಂದು ಬೆಡ್ ರೂಮನ್ನು ಪೂರ್ತಿ ಉಪ್ಪುನೀರಿಗೆ ಬಿಟ್ಟುಕೊಟ್ಟು, ಕ್ಲೌನ್ ಫಿಶ್ ಮರಿ ಮಾಡ್ತಾನೆ. ಅದೇ, 2003ರ ‘ಫೈಂಡಿಂಗ್ ನೀಮೋ’ ಸಿನಿಮಾದ ಕಿತ್ತಳೆ-ಬಿಳಿ ಪಟ್ಟೆಯ ಮೀನು. (ಸಿನಿಮಾದಲ್ಲಿ ಹೆಂಡತಿ ಸತ್ತ ಮೇಲೆ ಅಪ್ಪ ಮಗನನ್ನು ಹುಡುಕಿಕೊಂಡು ಹೋಗ್ತಾನೆ. ನಿಜವಾದ ಕ್ಲೌನ್ ಫಿಶ್ ಸಂಸಾರದಲ್ಲಿ ಹೆಣ್ಣು ಸತ್ತರೆ ಗಂಡೇ ನಿಧಾನಕ್ಕೆ ಹೆಣ್ಣಾಗಿಬಿಡುತ್ತೆ. ಡಿಸ್ನಿಯವರು ಆ ಕಥೆ ಮಾಡಲಿಲ್ಲ.)

ಅವನ ಮನೆಗೆ ಹೋಗಿ ಒಂದು ರಾತ್ರಿ ಕೂತು ನೋಡಿದ ಮೇಲೆ ನನಗೆ ಗೊತ್ತಾಗಿದ್ದು, ಇದು ಹವ್ಯಾಸ ಅಲ್ಲ, ಬಾಣಂತನ ಅಂತ.

ಜೋಡಿ ಮೀನು ಒಂದು ಮಣ್ಣಿನ ಕುಂಡದ ಒಳಮೈಗೆ ಮೊಟ್ಟೆ ಅಂಟಿಸುತ್ತೆ. ಮೊದಲು ಕಿತ್ತಳೆ ಬಣ್ಣ, ಆಮೇಲೆ ಕಪ್ಪಾಗುತ್ತಾ ಬಂದು, ಕೊನೆಗೆ ಪ್ರತಿ ಮೊಟ್ಟೆಯೊಳಗೂ ಎರಡು ಬೆಳ್ಳಿ ಕಣ್ಣು. ಗಂಡು ಹಗಲೆಲ್ಲ ರೆಕ್ಕೆ ಬೀಸಿ ಅವಕ್ಕೆ ಗಾಳಿ ಹಾಕುತ್ತೆ, ಕೆಟ್ಟ ಮೊಟ್ಟೆಯನ್ನು ಹೆಕ್ಕಿ ತೆಗೆಯುತ್ತೆ. ನೀರಿನ ಬಿಸಿ ನೋಡಿಕೊಂಡು ಒಂದು ವಾರ, ಹತ್ತು ದಿನ. ಮರಿ ಒಡೆಯೋದು ರಾತ್ರಿ, ಲೈಟ್ ಆರಿಸಿದ ಒಂದೆರಡು ಗಂಟೆಯಲ್ಲಿ. ಹುಟ್ಟಿದ ಮರಿಯ ಉದ್ದ ಮೂರು-ನಾಲ್ಕು ಮಿಲಿಮೀಟರ್, ಮೈಯೆಲ್ಲ ಗಾಜಿನ ಹಾಗೆ. ಟಾರ್ಚ್ ಹಿಡಿದರೆ ಬೆಳಕಿಗೆ ಬಂದು ಮುತ್ತುತ್ತವೆ. ಆಗ ಲೋಟದಲ್ಲಿ ನೀರು ಸಮೇತ ಎತ್ತಿ ಬೇರೆ ಟ್ಯಾಂಕಿಗೆ ಹಾಕಬೇಕು. ಇಲ್ಲದಿದ್ದರೆ ಬೆಳಗ್ಗೆ ಅಷ್ಟೂ ಟ್ಯಾಂಕಿನ ದೊಡ್ಡವರ ತಿಂಡಿ.

ಇಷ್ಟಾದ ಮೇಲೆ ಹಸಿವಿನ ಪ್ರಶ್ನೆ. ಈ ಮರಿ ಪುಡಿ ಆಹಾರ ತಿನ್ನೋದಿಲ್ಲ. ಕಣ್ಣೆದುರು ಕದಲುವ ಜೀವವೇ ಬೇಕು. ಅದು ಬಾಯಿಗೆ ಹಿಡಿಸುವಷ್ಟು ಚಿಕ್ಕದಿರಬೇಕು. ಅದಕ್ಕೆ ರೋಟಿಫರ್ ಅಂತ ಒಂದು ಸೂಕ್ಷ್ಮಜೀವಿ, ಮಿಲಿಮೀಟರಿನ ಕಾಲು ಭಾಗಕ್ಕಿಂತ ಚಿಕ್ಕದು. ಆ ರೋಟಿಫರ್ ಬದುಕಬೇಕಾದರೆ ಅದಕ್ಕೆ ಹಸಿರು ಪಾಚಿ. ಪಾಚಿಗೆ ಗೊಬ್ಬರ, ಲೈಟು, ಗಾಳಿ. ಅಂದ್ರೆ ಬಟಾಣಿ ಕಾಳಿನಷ್ಟೂ ಇಲ್ಲದ ಮರಿಗೆ ಊಟ ಹಾಕಲು ಹಿಂದೆ ಎರಡು ಹಂತದ ಬೇಸಾಯ. ಒಂದು ವಾರದ ಹೊತ್ತಿಗೆ ಆರ್ಟೀಮಿಯಾ ಅನ್ನುವ ಸಣ್ಣ ಸಿಗಡಿ ಜಾತಿಯ ಮರಿ ಕೊಡಬಹುದು. ಹತ್ತು-ಹನ್ನೆರಡು ದಿನದ ಸುಮಾರಿಗೆ ಮೈಮೇಲೆ ಮೊದಲ ಬಿಳಿ ಪಟ್ಟೆ ಬರುತ್ತೆ, ನೀರಲ್ಲಿ ತೇಲಾಡಿಕೊಂಡಿದ್ದದ್ದು ತಳಕ್ಕಿಳಿದು ‘ನಾನು ಮೀನು’ ಅನ್ನುವ ಹಾಗೆ ಓಡಾಡುತ್ತೆ. ಅಲ್ಲಿಯವರೆಗೆ ದಿನವೂ ಒಂದಷ್ಟು ಸಾಯುತ್ತವೆ. ಮೂರನೇ ದಿನದಿಂದ ಐದನೇ ದಿನದ ನಡುವೆ ಒಂದು ದೊಡ್ಡ ಹೊಡೆತ, ಪಟ್ಟೆ ಬರುವ ಹೊತ್ತಿಗೆ ಇನ್ನೊಂದು. ಕರೆಂಟ್ ಹೋಗಿ ಏರ್ ಪಂಪ್ ನಿಂತರೆ ಎಲ್ಲವೂ ಒಂದೇ ಸಲ. ಅವನು ವರ್ಕ್ ಫ್ರಂ ಹೋಮ್ ತಗೊಳ್ಳೋದು ಇದಕ್ಕೇ ಅಂತ ಮ್ಯಾನೇಜರಿಗೆ ಇನ್ನೂ ಗೊತ್ತಿಲ್ಲ.

ಸತ್ತ ಮರಿಗಳನ್ನು ಅವನು ಸಪೂರ ಪೈಪಿನಲ್ಲಿ ತಳದಿಂದ ಎಳೆದು ಬಿಳಿ ತಟ್ಟೆಗೆ ಬಿಟ್ಟು ಎಣಿಸ್ತಾನೆ. ಎಣಿಸಿ ಲ್ಯಾಪ್ ಟಾಪಿನ ಶೀಟಿನಲ್ಲಿ ಬರೀತಾನೆ. ಆ ರಾತ್ರಿ ಶೀಟು ತೋರಿಸಿ ಕೇಳಿದ:

‘ಅಣ್ಣಾ, ನೂರಕ್ಕೆ ನಲವತ್ತು ಉಳೀತಿವೆ ಈಗ. ನಾನು ನಲವತ್ತು ಉಳಿಸ್ದೋನಾ, ಅರವತ್ತು ಕೊಂದೋನಾ?’

‘ಸಮುದ್ರದಲ್ಲಾದ್ರೆ ನೂರಕ್ಕೆ ಒಂದೂ ಉಳೀತಿರಲಿಲ್ಲ ಮಾರಾಯ. ಖುಷಿಪಡು’ ಅಂದೆ. ಯಾರಾದರೂ ಹೇಳುವ ಉತ್ತರವೇ ಅದು.

‘ಆದ್ರೆ ಇವು ಸಮುದ್ರದಲ್ಲಿ ಇರ್ಲೇ ಇಲ್ವಲ್ಲಾ’ ಅಂದ.

ಅವನು ಹೇಳಿದ್ದು ಸರಿಯಾಗಿತ್ತು. ಆ ಜೋಡಿಯನ್ನು ಕೂಡಿಸಿದವನು ಅವನು. ನೀರು ಬೆಚ್ಚಗಿಟ್ಟವನು, ಕುಂಡ ಇಟ್ಟವನು, ದಿನಕ್ಕೆ ಮೂರು ಹೊತ್ತು ಹೊಟ್ಟೆ ತುಂಬ ತಿನ್ನಿಸಿ ಮೊಟ್ಟೆ ಬರಿಸಿದವನೂ ಅವನೇ. ಈ ನೂರು ಮರಿಗಳ ಎದುರಿಗಿದ್ದ ಬದಲಿ ದಾರಿ ಸಮುದ್ರ ಅಲ್ಲ. ಹುಟ್ಟದೇ ಇರೋದು. ಹಾಗಾಗಿ ‘ಸಮುದ್ರಕ್ಕಿಂತ ವಾಸಿ’ ಅನ್ನುವ ಹೋಲಿಕೆ ಕೇಳಲಿಕ್ಕೆ ಚೆಂದ, ಆದರೆ ಇಲ್ಲಿ ಅನ್ವಯಿಸೋದಿಲ್ಲ.

ಡೆರೆಕ್ ಪಾರ್ಫಿಟ್ ಅಂತ ಒಬ್ಬ ಇಂಗ್ಲಿಷ್ ತತ್ವಜ್ಞಾನಿ ಇದ್ದ. 1984ರ ತನ್ನ ಪುಸ್ತಕದಲ್ಲಿ ಮನುಷ್ಯರ ಬಗ್ಗೆ ಇಂಥದ್ದೇ ಒಂದು ಗಂಟನ್ನು ಬಿಡಿಸಲು ಕೂತ. ಯಾವ ತೀರ್ಮಾನದಿಂದ ಒಬ್ಬ ಹುಟ್ಟಿದನೋ, ಅದೇ ತೀರ್ಮಾನದಿಂದ ತನಗೆ ಅನ್ಯಾಯವಾಯ್ತು ಅಂತ ಅವನು ದೂರಬಹುದಾ? ಆ ತೀರ್ಮಾನ ಇಲ್ಲದಿದ್ದರೆ ದೂರುವವನೇ ಇರುತ್ತಿರಲಿಲ್ಲವಲ್ಲ. ಪಾರ್ಫಿಟ್ ಈ ಗಂಟನ್ನು ಪೂರ್ತಿ ಬಿಡಿಸಲಿಲ್ಲ. ಆದರೆ ‘ದೂರುವವರು ಯಾರೂ ಇಲ್ಲ, ಆದ್ದರಿಂದ ತಪ್ಪೂ ಇಲ್ಲ’ ಅಂತ ಕೈ ತೊಳೆದುಕೊಳ್ಳಲೂ ಇಲ್ಲ.

ನಮ್ಮ ಅಜ್ಜಿ ಪಾರ್ಫಿಟ್ ಓದಿದವಳಲ್ಲ, ಅವಳಿಗೆ ಕೋಳಿ ಗೊತ್ತಿತ್ತು. ಹೇಂಟೆ ಕಾವಿಗೆ ಕೂತಾಗ ಅಡಿಗೆ ಎಷ್ಟು ಮೊಟ್ಟೆ ಇಡಬೇಕು ಅಂತ ಒಂದು ಲೆಕ್ಕ. ಅದರ ರೆಕ್ಕೆ ಎಷ್ಟಕ್ಕೆ ಮುಚ್ಚುತ್ತೋ ಅಷ್ಟೇ. ಹತ್ತೋ ಹನ್ನೆರಡೋ. ಇನ್ನೂ ಐದು ಇಟ್ಟರೆ ಐದು ಮರಿ ಜಾಸ್ತಿ ಬರೋದಿಲ್ಲ, ಎಲ್ಲ ಮೊಟ್ಟೆಗೂ ಕಾವು ಕಮ್ಮಿಯಾಗುತ್ತೆ. ಉಳಿದ ಮೊಟ್ಟೆ ಅಡಿಗೆಮನೆಗೆ. ಅದೇ ಕೋಳಿಯನ್ನು ಮುಂದೆ ಯಾವುದಾದರೂ ನೆಂಟರು ಬಂದಾಗ ಸಾರು ಮಾಡುವವಳೂ ಅವಳೇ. ಅದರಲ್ಲಿ ಅವಳಿಗೆ ವಿರೋಧ ಕಾಣುತ್ತಿರಲಿಲ್ಲ. ಹುಟ್ಟಿಸೋದಾದರೆ ಮುಚ್ಚುವಷ್ಟೇ ಹುಟ್ಟಿಸು, ಹುಟ್ಟಿದ ಮೇಲೆ ಗಿಡುಗ ಒಯ್ದರೆ ಅದು ನಿನ್ನ ಮೇಲೆ.

ಈ ಅಳತೆಯಲ್ಲಿ ಇಟ್ಟರೆ ನಮ್ಮ ಹುಡುಗನ ಪ್ರಶ್ನೆ ಬೇರೆ ಆಗುತ್ತೆ. ಉಳಿದವೆಷ್ಟು, ಸತ್ತವೆಷ್ಟು ಅನ್ನೋದಕ್ಕಿಂತ, ಮೊದಲೇ ಲೋಟದಲ್ಲಿ ಎತ್ತಿದ್ದು ಎಷ್ಟು ಅನ್ನೋದು. ಅವನ ಹತ್ತಿರ ಇರುವ ರೋಟಿಫರ್ ಬಕೆಟ್ಟುಗಳು ಎಷ್ಟು ಮರಿಗೆ ಸಾಲುತ್ತವೆ? ರಾತ್ರಿ ಎದ್ದು ನೋಡಲು ಎಷ್ಟು ದಿನ ಆಗುತ್ತೆ? ರಿಲೀಸ್ ಇರುವ ವಾರ ಮರಿ ಎತ್ತಬಾರದು, ಅಷ್ಟು ಸರಳ. ಹಸಿದು ಸತ್ತ ಮರಿ ಬೇರೆ, ಏನು ಮಾಡಿದರೂ ಉಳಿಯದ ಮರಿ ಬೇರೆ. ಶೀಟಿನಲ್ಲಿ ಎರಡೂ ಒಂದೇ ಕಾಲಮ್ಮಿನಲ್ಲಿವೆ.

ಆದರೆ ಇಲ್ಲೊಂದು ತೊಡಕಿದೆ. ಜೋಡಿ ಎರಡು ವಾರಕ್ಕೊಮ್ಮೆ ಮೊಟ್ಟೆ ಇಡೋದನ್ನು ನಿಲ್ಲಿಸೋದಿಲ್ಲ. ಎತ್ತದೆ ಬಿಟ್ಟ ಮರಿಗಳನ್ನು ಅದೇ ಟ್ಯಾಂಕಿನ ಮೀನುಗಳು ತಿಂದು ಮುಗಿಸುತ್ತವೆ. ಬೆಳಗ್ಗೆ ಎಣಿಸಲು ಏನೂ ಇರೋದಿಲ್ಲ. ಅದರಿಂದ ಅವನಿಗೆ ಬೇಸರ ಆಗೋದಿಲ್ಲ, ಅದೇ ವಿಚಿತ್ರ. ಎತ್ತಿ, ತಿನ್ನಿಸಿ, ಒಂಬತ್ತನೇ ದಿನ ಸತ್ತ ಒಂದು ಮರಿ ನಿದ್ದೆ ಕೆಡಿಸುತ್ತೆ. ಎತ್ತದೆ ಬಿಟ್ಟ ಮುನ್ನೂರು ಏನೂ ಮಾಡೋದಿಲ್ಲ. ‘ಎತ್ತಿದ ಮೇಲೆ ನನ್ನವು ಅನ್ಸುತ್ತೆ ಅಣ್ಣಾ’ ಅಂತಾನೆ. ತರ್ಕಕ್ಕೆ ಇದು ನಿಲ್ಲೋದಿಲ್ಲ, ನಿಜ. ಟ್ಯಾಂಕೂ ಅವನದೇ, ಮೊಟ್ಟೆ ಬರಿಸಿದವನೂ ಅವನೇ. ಆದರೂ ನನಗೆ ಅವನ ಮಾತಿನಲ್ಲಿ ಸತ್ಯ ಇದೆ ಅನ್ನಿಸುತ್ತೆ. ಕೈಗೆ ತಗೊಂಡ ಜೀವದ ಋಣ ಬೇರೆ ತೂಕದ್ದು. ದಾರಿಯಲ್ಲಿ ಸಿಕ್ಕ ನಾಯಿಮರಿಗೆ ಒಂದು ದಿನ ಹಾಲು ಹಾಕಿದವನಿಗೆ ಎರಡನೇ ದಿನದ ಕಷ್ಟ ಗೊತ್ತಿರುತ್ತೆ.

‘ಅಷ್ಟಕ್ಕೂ ಮೂರು ಮಿಲಿಮೀಟರ್ ಮರಿಗೆ ನೋವು ಗೊತ್ತಾಗುತ್ತಾ?’ ಅಂತ ನೀವು ಕೇಳಬಹುದು. ದೊಡ್ಡ ಮೀನಿನ ವಿಷಯದಲ್ಲಿ ಈ ಪ್ರಶ್ನೆ ಮೊದಲಿನಷ್ಟು ಸಲೀಸಾಗಿಲ್ಲ. 2003ರಲ್ಲಿ ಲಿನ್ ಸ್ನೆಡ್ಡನ್ ಮತ್ತು ಜೊತೆಗಾರರು ಟ್ರೌಟ್ ಮೀನಿನ ತುಟಿಗೆ ಜೇನುಹುಳದ ವಿಷ, ಆಸಿಡ್ ಚುಚ್ಚಿ ನೋಡಿದರು. ಮೀನು ತಿನ್ನೋದು ಬಿಟ್ಟಿತು, ತುಟಿಯನ್ನು ಕಲ್ಲಿಗೆ ಉಜ್ಜಿತು. ಅದು ನೋವೇ ಅಲ್ಲವೇ ಅಂತ ವಿಜ್ಞಾನಿಗಳು ಇವತ್ತಿಗೂ ಜಗಳವಾಡ್ತಾರೆ. ಗಾಜಿನಂಥ ಮರಿಯ ಮಾತು ಇನ್ನೂ ದೂರ. ನಮ್ಮೂರ ಕಡೆ ಜೈನರ ಮನೆಗಳಲ್ಲಿ ಹಳಬರು ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಪುನಃ ಅದೇ ಬಾವಿಗೆ ಬಿಡುತ್ತಿದ್ದರು. ನೋವು ಗೊತ್ತಾಗುತ್ತಾ ಅಂತ ಪ್ರಮಾಣಪತ್ರ ಕೇಳದೆ. ನಮ್ಮ ಹುಡುಗನೂ ದಿನಾ ಸೋಸ್ತಾನೆ, ಅದಕ್ಕಿಂತ ಸಣ್ಣ ಕಣ್ಣಿನ ಜರಡಿಯಲ್ಲಿ. ಸೋಸಿ ಸಿಕ್ಕ ಲಕ್ಷಾಂತರ ರೋಟಿಫರುಗಳನ್ನು ಮರಿಗಳ ಬಾಯಿಗೆ ಹಾಕ್ತಾನೆ. ಅವುಗಳಿಗೆ ಶೀಟಿನಲ್ಲಿ ಕಾಲಮ್ಮೇ ಇಲ್ಲ. ಎಲ್ಲಾದರೂ ಒಂದು ಕಡೆ ಎಣಿಕೆ ನಿಲ್ಲಿಸದಿದ್ದರೆ ಯಾರೂ ಯಾರನ್ನೂ ಸಾಕಲಿಕ್ಕೆ ಆಗೋದಿಲ್ಲ, ಬಿಡಿ.

ಇನ್ನು ಈ ಕೆಲಸದ ಪರವಾಗಿ ಎಲ್ಲರೂ ಕೊಡುವ ದೊಡ್ಡ ಕಾರಣ, ಟ್ಯಾಂಕಿನಲ್ಲಿ ಹುಟ್ಟಿದ ಮೀನು ಸಮುದ್ರದಲ್ಲಿ ಒಂದು ಮೀನನ್ನು ಉಳಿಸುತ್ತೆ ಅನ್ನೋದು. ಇದರಲ್ಲಿ ಸತ್ಯ ಇದೆ, ಸಣ್ಣದಲ್ಲ. ಫಿಲಿಪ್ಪೀನ್ಸಿನಲ್ಲಿ 1960ರ ದಶಕದಿಂದ ಹವಳದ ಸಂದುಗಳಿಗೆ ಸಯನೈಡ್ ಚಿಮುಕಿಸಿ, ಮತ್ತು ಬಂದ ಹಾಗೆ ತೇಲುವ ಮೀನನ್ನು ಹಿಡಿದು ಅಕ್ವೇರಿಯಂಗಳಿಗೆ ಮಾರಿದರು. ಮೀನೂ ಸಾಯುತ್ತೆ, ಹವಳವೂ ಸಾಯುತ್ತೆ. ಅದರ ಮುಂದೆ ಬೆಡ್ ರೂಮಿನ ಬಕೆಟ್ಟು ಸಾವಿರ ಪಾಲು ಮೇಲು. ನಮ್ಮ ದೇಶದಲ್ಲೂ ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಫಿಶ್ ಮರಿ ಮಾಡುವ ವಿಧಾನವನ್ನು ರೂಢಿಗೆ ತಂದಿದ್ದಾರೆ.

ಆದರೆ ‘ಉಳಿಸುತ್ತೆ’ ಅನ್ನೋದು ತಾನಾಗಿ ಆಗುವ ಲೆಕ್ಕ ಅಲ್ಲ. ಇಂಡೋನೇಷ್ಯಾದ ಬಂಗಾಯಿ ದ್ವೀಪಗಳ ಸುತ್ತ ಮಾತ್ರ ಹುಟ್ಟಿ ಬೆಳೆದ ಬಂಗಾಯಿ ಕಾರ್ಡಿನಲ್ ಅಂತ ಒಂದು ಮೀನಿದೆ. ಗಂಡು ಮೊಟ್ಟೆಯನ್ನು ಬಾಯಲ್ಲಿ ಇಟ್ಟುಕೊಂಡು ವಾರಗಟ್ಟಲೆ ಉಪವಾಸ ಕೂರುತ್ತೆ. ಹೊರಗೆ ಬರೋದು ಪೂರ್ತಿ ಬೆಳೆದ ಪುಟಾಣಿ ಮೀನು. ರೋಟಿಫರ್ ಪುರಾಣವೇ ಬೇಡ. ಟ್ಯಾಂಕಿನಲ್ಲಿ ಮರಿ ಮಾಡಲು ಇಷ್ಟು ಸುಲಭದ ಸಮುದ್ರ ಮೀನು ಕಮ್ಮಿ. ಹಾಗಿದ್ದೂ 1990ರ ದಶಕದ ನಡುವಿನಿಂದ ಅದನ್ನು ಸಮುದ್ರದಿಂದ ಹಿಡಿದು ಹಿಡಿದು, 2007ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಬೇಕಾಯ್ತು. ಯಾಕೆ ಅಂದ್ರೆ ಮರಿ ಮಾಡಿ ಸಾಕೋದಕ್ಕಿಂತ ಹಿಡಿಯೋದು ಅಗ್ಗವಾಗಿತ್ತು. ಮರಿ ಮಾಡಲು ಗೊತ್ತಿರೋದು ಬೇರೆ, ಹಿಡಿಯೋದು ನಿಲ್ಲೋದು ಬೇರೆ.

ಇದಕ್ಕೆ ಉಲ್ಟಾ ಕಥೆ ಹವಾಯಿಯದ್ದು. ಅಲ್ಲಿನ ಯೆಲ್ಲೋ ಟ್ಯಾಂಗ್, ನಿಂಬೆಹಣ್ಣಿನ ಬಣ್ಣದ ಮೀನು, ಮರಿಯ ಬಾಯಿ ಎಷ್ಟು ಚಿಕ್ಕದು ಅಂದ್ರೆ ರೋಟಿಫರ್ ಕೂಡ ಹಿಡಿಸೋದಿಲ್ಲ. ಅದಕ್ಕೆ ಕೋಪಿಪಾಡ್ ಅನ್ನುವ ಜೀವಿಯ ಮರಿಯನ್ನೇ ಬೆಳೆಸಿ ಕೊಡಬೇಕು. ವರ್ಷಗಟ್ಟಲೆ ಒದ್ದಾಡಿ ಹವಾಯಿಯ ಓಷಿಯಾನಿಕ್ ಇನ್ಸ್ಟಿಟ್ಯೂಟಿನವರು 2015ರಲ್ಲಿ ಮೊದಲ ಬಾರಿಗೆ ಅದನ್ನು ಮರಿಯಿಂದ ದೊಡ್ಡದು ಮಾಡಿದರು. ಆದರೂ ಜನ ಹಿಡಿದ ಮೀನನ್ನೇ ಕೊಳ್ಳುತ್ತಿದ್ದರು. 2017ರಲ್ಲಿ ಹವಾಯಿಯ ಸುಪ್ರೀಂ ಕೋರ್ಟು, ಪರಿಸರದ ಮೇಲಿನ ಪರಿಣಾಮ ನೋಡದೆ ಅಕ್ವೇರಿಯಂ ಮೀನು ಹಿಡಿಯಲು ಪರವಾನಗಿ ಕೊಡುವಂತಿಲ್ಲ ಅಂದಿತು. ಅದಾದ ಮೇಲೆ ಟ್ಯಾಂಕಿನಲ್ಲಿ ಹುಟ್ಟಿದ ಟ್ಯಾಂಗಿಗೆ ನಿಜವಾದ ಮಾರ್ಕೆಟ್ಟು ಬಂತು. ಸಮುದ್ರದಲ್ಲಿ ಉಳಿದ ಮೀನಿನ ಪುಣ್ಯ ಹ್ಯಾಚರಿಗೆ ಒಂದಿಷ್ಟು, ಕೋರ್ಟಿಗೆ ಜಾಸ್ತಿ. ‘ನಾನು ಟ್ಯಾಂಕ್ ಬ್ರೆಡ್ ಮೀನು ಮಾತ್ರ ಕೊಳ್ಳೋದು’ ಅಂತ ನಮ್ಮಂಥವರು ಬೆನ್ನು ತಟ್ಟಿಕೊಳ್ಳುವಾಗ ಇದು ನೆನಪಿರಲಿ.

ನನಗೆ ನಿಜವಾಗಿ ಕಸಿವಿಸಿ ಆಗೋದು ಸಾವಿನ ಕಾಲಮ್ಮಿಗಲ್ಲ, ಬದುಕಿ ಉಳಿದವುಗಳ ಕಾಲಮ್ಮಿಗೆ. ಟ್ಯಾಂಕಿನಲ್ಲಿ ಬೆಳೆದ ಕ್ಲೌನ್ ಮರಿಗಳಲ್ಲಿ ಕೆಲವಕ್ಕೆ ಕಿವಿರಿನ ಮುಚ್ಚಳ ಪೂರ್ತಿ ಬಂದಿರೋದಿಲ್ಲ, ಕೆಂಪು ಕಿವಿರು ಹೊರಗೆ ಕಾಣುತ್ತೆ. ಕೆಲವಕ್ಕೆ ದವಡೆ ಸೊಟ್ಟ. ಸಮುದ್ರದಲ್ಲಾದರೆ ಇವು ಎರಡು ದಿನದ ಅತಿಥಿಗಳು. ಟ್ಯಾಂಕಿನಲ್ಲಿ ಯಾವ ಶತ್ರುವೂ ಇಲ್ಲದ್ದರಿಂದ ಬದುಕ್ತವೆ. ದೊಡ್ಡ ಹ್ಯಾಚರಿಗಳಲ್ಲಿ ಇಂಥವನ್ನು ಆರಿಸಿ ಕೊಂದುಬಿಡ್ತಾರೆ. ಅದೇ ಹೊತ್ತಿಗೆ, ಪಟ್ಟೆ ಅಡ್ಡಾದಿಡ್ಡಿ ಬಂದ ಮರಿಗಳಿಗೆ ‘ಪಿಕಾಸೊ’, ‘ಸ್ನೋಫ್ಲೇಕ್’ ಅಂತ ಹೆಸರಿಟ್ಟು ಮಾಮೂಲಿ ಮೀನಿಗಿಂತ ಎಷ್ಟೋ ಪಟ್ಟು ಬೆಲೆಗೆ ಮಾರ್ತಾರೆ. ಒಂದು ಊನಕ್ಕೆ ಮರಣ, ಇನ್ನೊಂದು ಊನಕ್ಕೆ ಪ್ರೀಮಿಯಂ. ಬಗ್ಗಿಗೆ ಫೀಚರ್ ಅಂತ ಹೆಸರಿಡೋದು ನಮ್ಮ ಇಂಡಸ್ಟ್ರಿಯಲ್ಲಿ ಹೊಸದೇನಲ್ಲ. ಆದರೆ ಅಲ್ಲಿ ಉಸಿರಾಡುವ ಕೋಡ್ ಇರೋದಿಲ್ಲ. ನಮ್ಮ ಹುಡುಗ ಕಿವಿರು ತೆರೆದ ಹನ್ನೊಂದು ಮೀನುಗಳನ್ನು ಬೇರೆ ಟ್ಯಾಂಕಿನಲ್ಲಿ ಇಟ್ಟಿದ್ದಾನೆ. ಮಾರೋದಿಲ್ಲ, ಕೊಲ್ಲೋದಕ್ಕೆ ಮನಸ್ಸಿಲ್ಲ. ಅವಕ್ಕೆ ದಿನಾ ಊಟ, ವಾರಕ್ಕೊಮ್ಮೆ ನೀರು. ಇದು ದಯೆಯೋ, ತೀರ್ಮಾನ ಮುಂದೂಡುವ ಉಪಾಯವೋ ಅಂತ ಕೇಳಿದರೆ ನಗ್ತಾನೆ. ನನ್ನ ಮಟ್ಟಿಗೆ, ಪಟ್ಟೆ ನೋಡಿ ಬೆಲೆ ಕಟ್ಟುವವರಿಗಿಂತ ಈ ಹನ್ನೊಂದನ್ನು ಇಟ್ಟುಕೊಂಡವನು ಮೇಲು.

ಬಂಧನದ ಮಾತು ಬಾಕಿ ಉಳಿಯಿತು. ಸಮುದ್ರವನ್ನೇ ನೋಡದ ಮೀನಿನದು ಒಂದು ಬದುಕಾ? ಇದಕ್ಕೆ ಎಲ್ಲ ಮೀನಿಗೂ ಒಂದೇ ಉತ್ತರ ಇಲ್ಲ ಅನ್ನೋದು ನನ್ನ ತೀರ್ಮಾನ. ಕ್ಲೌನ್ ಫಿಶ್ ಸಮುದ್ರದಲ್ಲೂ ಒಂದು ಸಮುದ್ರ ಹೂವಿಗೆ ಅಂಟಿಕೊಂಡೇ ಜೀವನ ಕಳೆಯುತ್ತೆ. ಅದರಿಂದ ಕೆಲವು ಮೀಟರ್ ದೂರ ಹೋದರೆ ಯಾರಾದರೂ ತಿಂದಾರು. ಅಂಥ ಮೀನಿಗೆ ಮೂರಡಿ ಟ್ಯಾಂಕು, ಜೋಡಿ, ಹೊತ್ತಿಗೆ ಸರಿ ಊಟ ಅಂದ್ರೆ ಅದನ್ನು ಜೈಲು ಅಂತ ಕರೆಯಲು ನನಗೆ ಬಾಯಿ ಬರೋದಿಲ್ಲ. ಯೆಲ್ಲೋ ಟ್ಯಾಂಗ್ ಹಾಗಲ್ಲ. ಹವಳದ ದಿಬ್ಬಗಳ ಮೇಲೆ ದಿನವಿಡೀ ಮೇಯುತ್ತಾ ತಿರುಗುವ ಮೀನು, ಹವಾಯಿಯಲ್ಲಿ ನಲವತ್ತು ವರ್ಷ ದಾಟಿ ಬದುಕಿದ್ದೂ ದಾಖಲಾಗಿದೆ. ಅದು ಹ್ಯಾಚರಿಯಲ್ಲೇ ಹುಟ್ಟಿದ್ದಾಗಲಿ, ಎಷ್ಟೇ ಸರ್ಟಿಫಿಕೇಟ್ ಇರಲಿ, ಬೆಂಗಳೂರಿನ ಹಾಲಿನ ಟಿವಿ ಪಕ್ಕದಲ್ಲಿ ಅದಕ್ಕೆ ಜಾಗ ಇಲ್ಲ. ಎಲ್ಲಿ ಹುಟ್ಟಿತು ಅನ್ನೋದರಿಂದ ಅದರ ಮೈಗೆ ಬೇಕಾದ ಜಾಗ ಕಮ್ಮಿಯಾಗೋದಿಲ್ಲ. ‘ಹಾಗಾದ್ರೆ ಬೆಳೆದ ಮೇಲೆ ಸಮುದ್ರಕ್ಕೆ ಬಿಟ್ಟರಾಯ್ತು’ ಅಂತ ನನ್ನ ಹೆಂಡತಿ ಹೇಳಿದಳು. ಅಲ್ಲಿಯದಲ್ಲದ ಮೀನನ್ನು, ಟ್ಯಾಂಕಿನ ರೋಗ ಸಮೇತ ಮಲ್ಪೆ ಕಡಲಿಗೆ ಬಿಡೋದು ಬಿಡುಗಡೆ ಅಲ್ಲ. ಶತ್ರುವನ್ನೇ ನೋಡದ ಮೀನಿಗೆ ಅದು ಅರ್ಧ ಗಂಟೆಯ ಸ್ವಾತಂತ್ರ್ಯ.

ನಮ್ಮ ಹುಡುಗ ಈಗ ನಾಲ್ಕು ಸಲದ ಮೊಟ್ಟೆಯಲ್ಲಿ ಒಂದನ್ನು ಮಾತ್ರ ಎತ್ತುತ್ತಾನೆ. ಅದರಲ್ಲೂ ನೂರೈವತ್ತು ಮರಿ ಎಣಿಸಿ ಲೋಟ ಕೆಳಗಿಡ್ತಾನೆ. ಕಳೆದ ಸಲ ನೂರಕ್ಕೆ ಎಪ್ಪತ್ತು ಉಳಿದವಂತೆ. ಕೊಳ್ಳಲು ಬಂದವರಿಗೆ ಮೊದಲು ಟ್ಯಾಂಕಿನ ಫೋಟೊ ಕಳಿಸಿ ಅಂತಾನೆ, ಆಮೇಲೆ ಈ ಮೀನು ಇಪ್ಪತ್ತು ವರ್ಷ ಬದುಕಬಹುದು ಅಂತ ಹೇಳ್ತಾನೆ. ಅರ್ಧಕ್ಕರ್ಧ ಜನ ಆ ಮೆಸೇಜಿನ ನಂತರ ಉತ್ತರ ಕೊಡೋದಿಲ್ಲವಂತೆ.